ಐದನೇ ತೊಟ್ಟಿಯ ಬಲಮುರಿ

ಶ್ರಾವಣದ ಮೂರನೇ ಶನಿವಾರ, ಬಿಸಿಲು ಇನ್ನೂ ಗುಂಡಿಯ ಮೇಲಂಚನ್ನು ಮಾತ್ರ ಮುಟ್ಟಿದ್ದ ಹೊತ್ತು. ಇದು ಶುರುವಾದದ್ದು ಆಗ. ಅವತ್ತು ನಾನು ಮಾಡಿದ ಒಂದು ಕೆಲಸಕ್ಕೆ ಮುನ್ನೂರು ಮನೆಯವರು ಗಂಟುಮೂಟೆ ಕಟ್ಟಬೇಕಾಗಿ ಬಂತು.

ನಮ್ಮ ಊರು ಬಿಳಿಗುಂಡಿ. ಹಿಂದಿನವರು ಕಲ್ಲು ತೆಗೆದು ತೆಗೆದು ಬಿಟ್ಟುಹೋದ ಕ್ವಾರಿ. ಮೇಲಿನ ಬಯಲು ವರ್ಷಕ್ಕೆ ಎಂಟು ತಿಂಗಳು ಕಾದ ಹಂಚಿನಂತಾದ ಮೇಲೆ ಜನ ಇಂಥ ಗುಂಡಿಗಳಿಗೆ ಇಳಿದರು. ಕಲ್ಲು ಕೊಯ್ದ ಜಾಗ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಒಂದೊಂದು ಮೆಟ್ಟಿಲ ಮೇಲೆ ಒಂದೊಂದು ಸಾಲು ಮನೆ. ತಳದಲ್ಲಿ ನೀರು. ನಡುಮಧ್ಯಾಹ್ನ ಬಿಟ್ಟರೆ ಇಡೀ ದಿನ ನೆರಳು.

ನಾವು ದಾಸಯ್ಯಗಳು. ಶಂಖ, ಜಾಗಟೆ, ಭಿಕ್ಷೆಯ ಬವನಾಸಿ, ಇಷ್ಟೇ ನಮ್ಮ ಮನೆತನದ ಆಸ್ತಿ. ಶ್ರಾವಣದ ಶನಿವಾರ ನಾಲ್ಕು ಮನೆಯ ಗೋಪಾಳ ಬೇಡಿ ತಂದ ಮೇಲೇ ನಮ್ಮಲ್ಲಿ ಒಲೆ ಹತ್ತಿಸುವುದು. ಗುಂಡಿಗಿಳಿದರೂ ನಾನು ಅದನ್ನು ಬಿಟ್ಟಿರಲಿಲ್ಲ. ಅವತ್ತು ಮೇಲಿನ ಮೆಟ್ಟಿಲ ಮನೆಯೊಂದರಲ್ಲಿ ಆ ಮನೆಯಾಕೆ ಬವನಾಸಿಗೆ ಅಕ್ಕಿ ಹಾಕಿ, ಮೇಲೊಂದು ನೈದಿಲೆ ಹೂ ಇಟ್ಟಳು. ಅವಳ ಮಕ್ಕಳು ಲಾರಿ ಓಡಿಸುವವರು. ದೂರದ ಯಾವುದೋ ಊರಿಂದ ನೈದಿಲೆ ಗಡ್ಡೆ ತಂದು ಬಾಗಿಲಲ್ಲಿ ಒಂದು ಟಬ್ಬಿನಲ್ಲಿ ಬೆಳೆಸಿದ್ದರು. ಮನೆಗೆ ಬಂದು ಹೂವನ್ನು ದೇವರಿಗೆ ಏರಿಸಲು ಹೋದಾಗ ದಂಟಿಗೆ ಏನೋ ಅಂಟಿಕೊಂಡಿತ್ತು. ತೊಗರಿಬೇಳೆಯಷ್ಟು ಒಂದು ಬಸವನಹುಳು. ಅಂಗೈ ಮೇಲಿಟ್ಟು ತಿರುವಿ ನೋಡಿದೆ. ಬಲಮುರಿ.

ಶಂಖದಲ್ಲಿ ಎರಡು ಜಾತಿ ಎಂದು ನಮ್ಮಪ್ಪ ಹೇಳಿಕೊಟ್ಟಿದ್ದ. ಊದುವ ತುದಿ ನಿನ್ನ ಎದೆಯ ಕಡೆ ಇರಲಿ, ಬಾಲ ಆಕಾಶದ ಕಡೆ ಇರಲಿ. ಬಾಯಿ ಎಡಗೈ ಕಡೆ ತೆರೆದರೆ ಎಡಮುರಿ, ಬಲಗೈ ಕಡೆ ತೆರೆದರೆ ಬಲಮುರಿ. ಊರೂರಿನ ಶಂಖವೆಲ್ಲ ಎಡಮುರಿಯೇ. ಬಲಮುರಿ ಲಕ್ಷಕ್ಕೊಂದು, ಅದು ಲಕ್ಷ್ಮಿಯ ಮನೆ. ಅಪ್ಪ ಎಪ್ಪತ್ತು ವರ್ಷ ಶಂಖ ಊದಿದ, ಒಂದು ಬಲಮುರಿಯನ್ನೂ ಕಣ್ಣಲ್ಲಿ ಕಾಣಲಿಲ್ಲ. ಕಾಣಬೇಕು ಎನ್ನುತ್ತಲೇ ಹೋದ.

ಅದು ಈಗ ನನ್ನ ಅಂಗೈಯಲ್ಲಿ ಹರಿದಾಡುತ್ತಿತ್ತು, ತಣ್ಣಗೆ.

ಅಷ್ಟಾಗಿಯೂ ನನಗೆ ಹೆದರಿಕೆಯಾಯಿತು. ಯಾಕೆಂದರೆ ನಾನು ಕೆಲಸ ಮಾಡುತ್ತಿದ್ದದ್ದು ಹುಳುಮನೆಯಲ್ಲಿ.

ಹುಳುಮನೆ ಎಂದರೆ ನೀರಿನ ಅಂಚಿಗೆ ಕಟ್ಟಿದ ಉದ್ದನೆಯ ಕೊಠಡಿ. ಒಳಗೆ ಸಾಲಾಗಿ ಆರು ತೊಟ್ಟಿ. ಗುಂಡಿಯ ನೀರು ಒಂದನೇ ತೊಟ್ಟಿಗೆ ಬಿದ್ದು, ಅಲ್ಲಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹರಿದು, ಆರನೆಯದನ್ನು ದಾಟಿ ಕೊಳಾಯಿ ಸೇರಬೇಕು. ತೊಟ್ಟಿಗಳ ತುಂಬ ಕೆರೆಯ ಬಸವನಹುಳು. ಬಸವನಹುಳುವಿನ ಮೊಟ್ಟೆ ಒಂದು ಎರಡಾಗಿ, ನಾಲ್ಕಾಗಿ, ಎಂಟಾಗುವ ಗಳಿಗೆಯಲ್ಲೇ ಚಿಪ್ಪು ಯಾವ ಕಡೆ ಸುತ್ತಬೇಕೆಂಬುದು ತೀರ್ಮಾನವಾಗಿಬಿಡುತ್ತದಂತೆ. ಆ ಗಳಿಗೆಯಲ್ಲಿ ನೀರಿನೊಳಗೆ ಕೇಡಿದ್ದರೆ ಬಲಕ್ಕೆ ತಿರುಗಬೇಕಾದ ಮರಿ ಎಡಕ್ಕೆ ತಿರುಗುತ್ತದೆ. ಹಳೇ ಕಾರ್ಖಾನೆಗಳು ನೆಲಕ್ಕೆ ಇಳಿಬಿಟ್ಟದ್ದು ಬಂಡೆಯ ಬಿರುಕಿನಲ್ಲಿ ಎಲ್ಲಿ ಹರಿದು ಎಲ್ಲಿ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ನೀರು ಪರೀಕ್ಷಿಸುವ ಯಂತ್ರಕ್ಕೆ ಯಾವ ವಿಷ ಹುಡುಕಬೇಕೆಂದು ಮೊದಲೇ ಹೇಳಿಕೊಡಬೇಕು. ಹುಳುವಿಗೆ ಹೇಳಿಕೊಡಬೇಕಾಗಿಲ್ಲ.

ಇದಕ್ಕೂ ಮುಂಚೆ ನಾವಿದ್ದದ್ದು ಕರಿಗುಂಡಿಯಲ್ಲಿ. ಅಲ್ಲಿ ಹುಳುಮನೆ ಇರಲಿಲ್ಲ, ಯಂತ್ರವಿತ್ತು. ನೀರು ಚೊಕ್ಕ ಎಂದು ಯಂತ್ರ ಹಸಿರು ದೀಪ ಹಚ್ಚುತ್ತಲೇ ಇತ್ತು, ನನ್ನ ಮಗಳು ಚೆಲುವಿಯ ಗಂಡ ಮೂತ್ರಪಿಂಡ ಕೆಟ್ಟು ಊದಿಕೊಂಡು ಸಾಯುವಾಗಲೂ.

ಹುಳುಮನೆಯ ಕಾಯಿದೆ ಸರಳ. ಹುಣ್ಣಿಮೆ ಅಮಾವಾಸ್ಯೆಗೊಮ್ಮೆ ತೊಟ್ಟಿಗೆ ನೂರರಂತೆ ಆರುನೂರು ಮರಿಗಳನ್ನು ಬಸಿದು, ಬಿಸಿನೀರಿಗೆ ಅದ್ದಿ, ಚಿಪ್ಪು ನೋಡಿ ಎಣಿಸಬೇಕು. ನೂರಕ್ಕೆ ಮೂರು ದಾಟಬಾರದು, ಅಂದರೆ ಎಡದವು ಹದಿನೆಂಟರ ಒಳಗಿರಬೇಕು. ದಾಟಿದರೆ ಇಪ್ಪತ್ತೊಂದು ದಿನದಲ್ಲಿ ಊರು ಖಾಲಿ, ಗುಂಡಿಗೆ ಮೊಹರು. ಹನ್ನೆರಡು ವರ್ಷದಿಂದ ಎಣಿಸುತ್ತಿದ್ದವನು ನಾನು.

ಈ ಕಾಯಿದೆ ಮಾಡಿದ ನೀರುಕಾವಲು ಕೇಂದ್ರದವರು ಚಿಪ್ಪನ್ನು ಹಿಡಿಯುವುದು ನಮ್ಮದರ ತಲೆಕೆಳಗು. ಚೂಪು ತುದಿ ಮೇಲೆ, ಬಾಯಿ ಕೆಳಗೆ. ನಮ್ಮ ಎಡಮುರಿ ಅವರಿಗೆ ಬಲ. ನಮ್ಮ ಬಲಮುರಿ ಅವರಿಗೆ ಎಡ. ನಮ್ಮ ಲಕ್ಷ್ಮಿ ಅವರಿಗೆ ವಿಷದ ಗುರುತು. ನಾನು ಕೈಯಲ್ಲಿ ಅವರ ಲೆಕ್ಕ ಬರೆದೆ, ಮನಸ್ಸಿನಲ್ಲಿ ಅಪ್ಪನ ಲೆಕ್ಕ ಇಟ್ಟುಕೊಂಡೆ. ಎರಡೂ ಹನ್ನೆರಡು ವರ್ಷ ಜಗಳವಾಡದೆ ಇದ್ದವು.

ಆ ಶನಿವಾರ ಜಗಳವಾಡಿದವು. ಬಲಮುರಿಯನ್ನು ಕೊಲ್ಲುವಂತಿಲ್ಲ. ತಂಬಿಗೆಯಲ್ಲಿಟ್ಟರೆ ಸಾಯುತ್ತದೆ. ಹೊರಗೆ ಬಿಟ್ಟರೆ ಮಧ್ಯಾಹ್ನದ ಬಂಡೆ ಮೇಲೆ ಹುರಿದುಹೋಗುತ್ತದೆ. ತೊಟ್ಟಿಗೆ ಹೊರಗಿನದೇನೂ ಬೀಳಬಾರದು ಎಂದು ಹುಳುಮನೆಯ ಗೋಡೆಗೆ ದಪ್ಪಕ್ಷರದಲ್ಲಿ ಬರೆದಿದೆ. ಹುಳು ಹುಳುಗಳ ನಡುವೆ ಹೋದರೆ ಹೊರಗಿನದು ಹೇಗಾದೀತು ಎಂದುಕೊಂಡೆ. ಎಣಿಸುವುದು ಮರಿಗಳನ್ನು, ಇದು ಬೆಳೆದದ್ದು. ಒಂಟಿ ಹುಳು ಏನು ಸಂಸಾರ ಮಾಡೀತು ಎಂದೂ ಅಂದುಕೊಂಡೆ. ಮನುಷ್ಯನಿಗೆ ಮಾಡಬೇಕು ಅನ್ನಿಸಿದಾಗ ಮೂರು ಕಾರಣ ತಾವಾಗೇ ಬಂದು ನಿಲ್ಲುತ್ತವೆ. ಐದನೇ ತೊಟ್ಟಿಯ ಮೂಲೆಯಲ್ಲಿ ಬಿಟ್ಟು ಕೈಮುಗಿದು ಬಂದೆ. ಆಮೇಲೆ ಹದಿನೈದು ದಿನ ಹುಡುಕಿದರೂ ಕಾಣಲಿಲ್ಲ. ಸತ್ತಿರಬೇಕು ಎಂದು ಸುಮ್ಮನಾದೆ.

ಮಾರ್ಗಶಿರದ ಹುಣ್ಣಿಮೆಗೆ ಎಡದ ಮರಿ ಎರಡು ಸಿಕ್ಕವು. ಪುಷ್ಯದ ಅಮಾವಾಸ್ಯೆಗೆ ಹನ್ನೊಂದು. ಮಾಘದ ಹುಣ್ಣಿಮೆಗೆ ಹದಿನೇಳು. ಮಾಘದ ಅಮಾವಾಸ್ಯೆ ಬುಧವಾರ ಬಂತು. ಅವತ್ತು ಎಣಿಸಿ ಮುಗಿಸಿದಾಗ ಬಿಳೀ ತಟ್ಟೆಯಲ್ಲಿ ಇಪ್ಪತ್ನಾಲ್ಕು.

ನೀರು ಸಮಿತಿಯ ಬೋರಲಿಂಗ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬಾಯಿ ಜೋರು, ಕೆಟ್ಟವನಲ್ಲ.

“ಎಷ್ಟು ದಾಸಯ್ಯ?”

“ಇಪ್ಪತ್ನಾಕು.”

ಅವನು ತಟ್ಟೆ ನೋಡಿದ. “ನಿಂಗೂ ವಯಸ್ಸಾಯ್ತು. ಕೈ ನಡುಗ್ತದೆ. ಏಳು ಹುಳ ಕೈ ಜಾರಿ ನೀರಿಗ್ ಬಿದ್ದೋದ್ರೆ ಯಾವನ್ ಕೇಳ್ತಾನೆ?”

“ನನ್ ಕೈ ನಡುಗಲ್ಲ ಬೋರಲಿಂಗ.”

“ಒಂದ್ಸಲ ನಡುಗ್ಲಿ ಬುಡು. ಮುನ್ನೂರು ಮನೆ ಕಣಪ್ಪ.”

ಊಟದ ಹೊತ್ತಿಗೆ ಮನೆಗೆ ಹೋದೆ. ಚೆಲುವಿ ರಾಗಿಮುದ್ದೆ ತಟ್ಟೆಗೆ ಹಾಕಿ ಎದುರಿಗೆ ಕೂತಳು. ಮಾತು ಆಗಲೇ ಮೆಟ್ಟಿಲು ಹತ್ತಿ ಅವಳಿಗೆ ಮುಟ್ಟಿತ್ತು.

“ಬೋರಣ್ಣ ಹೇಳ್ದಂಗೆ ಮಾಡ್ತೀಯಾ?”

“ನೀನೇನಂತೀಯ?”

ಅವಳು ಬಾಗಿಲ ಕಡೆ ನೋಡಿದಳು. ನಮ್ಮ ಹೊಸ್ತಿಲು ಹಲಸಿನ ಮರದ್ದು. ಅವಳ ಗಂಡ ಕೆತ್ತಿದ್ದು. ಮೊದಲ ಊರಿಂದ ಕರಿಗುಂಡಿಗೆ, ಕರಿಗುಂಡಿಯಿಂದ ಇಲ್ಲಿಗೆ ಅದನ್ನು ತಲೆ ಮೇಲೆ ಹೊತ್ತು ತಂದವಳು ಅವಳೇ. ಇದು ಮೂರನೇ ಸಲ ಹೂತದ್ದು. ಇನ್ನು ಕೀಳುವುದಿಲ್ಲ ಎಂದು ಹೂಳುವಾಗಲೇ ಹೇಳಿದ್ದಳು.

“ಇನ್ನೊಂದ್ಸಲ ಊರು ಬಿಡೋ ಶಕ್ತಿ ನಂಗಿಲ್ಲ,” ಎಂದಳು. ಮುದ್ದೆಗೆ ಸಾರು ಬಿಡುತ್ತಾ, “ಆದ್ರೂ ಲೆಕ್ಕ ಸುಳ್ಳಾಡ್ಬೇಡಪ್ಪ. ಅಲ್ಲಿ ಹಸಿರು ದೀಪ ಉರೀತಿತ್ತಲ್ಲ, ಅದ್ನ ನಂಬ್ಕೊಂಡೇ ಅವ್ರು ಕುಡಿದಿದ್ದು,” ಎಂದಳು.

ನನ್ನ ಎದೆಯಲ್ಲಿ ಶ್ರಾವಣದ ಹುಳು ಹರಿದಾಡಿತು. ಹೇಳಿಬಿಡಲೇ ಎಂದುಕೊಂಡೆ. ಹೇಳಿದರೆ ಏನಾಗುತ್ತದೆ? ದಾಸಯ್ಯ ಬಿಟ್ಟ ಹುಳುವಿನ ಮರಿಗಳಂತೆ, ನೀರಿಗೇನೂ ಆಗಿಲ್ಲವಂತೆ ಎಂದು ಎಲ್ಲರೂ ಉಳಿದುಬಿಡುತ್ತಾರೆ. ಅದು ನಿಜವೋ ಸುಳ್ಳೋ ನನಗೇ ಗೊತ್ತಿಲ್ಲ. ಒಂಟಿ ಹುಳು, ಕಣ್ಣಿಗೂ ಬೀಳದೆ ಹೋದದ್ದು. ನೀರು ನಿಜಕ್ಕೂ ಕೆಟ್ಟಿದ್ದರೆ ನನ್ನ ಮಾತೇ ಇನ್ನೊಂದು ಹಸಿರು ದೀಪವಾಗುತ್ತದೆ. ಮುದ್ದೆ ನುಂಗಿ ಎದ್ದೆ. ಹುಳುಮನೆಗೆ ಹೋಗಿ ಪರದೆಯ ಮುಂದೆ ನಿಂತು ಇಪ್ಪತ್ನಾಲ್ಕು ಎಂದು ಒತ್ತಿದೆ. ನೀರುಕಾವಲು ಕೇಂದ್ರ ನೂರಿಪ್ಪತ್ತು ಮೈಲಿ ದೂರ. ಅಲ್ಲಿಂದ ಯಾರೂ ಯಾಕೆ ಏನು ಎಂದು ಕೇಳಲಿಲ್ಲ. ‘ಮಾಹಿತಿ ತಲುಪಿದೆ. ಇಪ್ಪತ್ತೊಂದು ದಿನ’ ಎಂದು ಪರದೆ ಹೇಳಿತು. ಸಾವಿರ ಗುಂಡಿಗಳಿಗೆ ಹೇಳುವ ದನಿ ಅದು. ನಮ್ಮ ಮೇಲೆ ಅದಕ್ಕೆ ಸಿಟ್ಟೂ ಇಲ್ಲ, ಕನಿಕರವೂ ಇಲ್ಲ.

ಮುಂದಿನ ದಿನಗಳನ್ನು ಹೆಚ್ಚು ಬರೆಯಲಾರೆ. ಹೆಂಚು ಇಳಿಸಿದರು. ಕೋಳಿಗಳನ್ನು ಬುಟ್ಟಿಗೆ ತುಂಬಿದರು. ಒಬ್ಬಳು ಮುದುಕಿ ತನ್ನ ಬೀಸುಕಲ್ಲನ್ನು ಲಾರಿಗೆ ಹತ್ತಿಸುತ್ತಾರೋ ಇಲ್ಲವೋ ಎಂದು ದಿನಾ ಬಂದು ಬೋರಲಿಂಗನನ್ನು ಕೇಳುತ್ತಿದ್ದಳು. ಎಲ್ಲಿಗೆ ಕಳಿಸುತ್ತಾರೆಂದು ಕೇಂದ್ರ ಹೇಳಿರಲಿಲ್ಲ. ಹದಿನೇಳನೇ ದಿನ ಚೆಲುವಿ ಹಾರೆ ತಗೊಂಡು ಹೊಸ್ತಿಲ ಎರಡೂ ಕಡೆಯ ಮಣ್ಣು ಬಿಡಿಸಿದಳು. ನಾನು ಜಗಲಿಯಲ್ಲಿ ಕೂತು ಆ ಸದ್ದು ಕೇಳಿದೆ.

ಮಾರನೇ ದಿನ ಭಾನುವಾರ ಡಾಕ್ಟ್ರಮ್ಮ ಬಂದರು. ಡಾ. ಯಶೋಧರಾ ಎಂದು ಹೆಸರು. ಗುಂಡಿಗೆ ಮೊಹರು ಹಾಕುವ ಮೊದಲು ಕೇಂದ್ರದವರೊಬ್ಬರು ಬಂದು ಕಣ್ಣಾರೆ ನೋಡಿ ಸಹಿ ಹಾಕಬೇಕು ಎಂಬ ಕಾಯಿದೆ ಇನ್ನೂ ಉಳಿದಿತ್ತು. ಐವತ್ತೈದರ ಹೆಂಗಸು, ಮೂವತ್ತು ವರ್ಷ ಪರದೆ ನೋಡಿ ನೋಡಿ ಕಣ್ಣಿನ ಕೆಳಗೆ ಚೀಲ ಬಂದಿತ್ತು. ಡಾಕ್ಟರು ಬಂದಿದ್ದಾರೆ ಎಂದು ಸುದ್ದಿಯಾಗಿ, ಅವರು ಹುಳುಮನೆ ಮುಟ್ಟುವಷ್ಟರಲ್ಲಿ ಎಂಟು ಜನ ಮಂಡಿನೋವಿನವರು ಸಾಲು ನಿಂತಿದ್ದರು.

“ನಾನು ಹುಳದ ಡಾಕ್ಟರು ಕಣ್ರಪ್ಪ,” ಎಂದರು ಅವರು.

“ನಮ್ಗೂ ಹೊಟ್ಟೇಲಿ ಅದೇ ತೊಂದ್ರೆ,” ಎಂದ ಸಾಲಿನಲ್ಲಿದ್ದ ಒಬ್ಬ. ಹದಿನೆಂಟು ದಿನದಲ್ಲಿ ಬಿಳಿಗುಂಡಿಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಅವರು ಇಪ್ಪತ್ನಾಲ್ಕು ಚಿಪ್ಪುಗಳನ್ನು ಮಸೂರದ ಕೆಳಗಿಟ್ಟು ನೋಡಿದರು. ಸಾಸಿವೆ ಗಾತ್ರದ ಮರಿಗಳು, ಬಿಸಿನೀರಿನಲ್ಲಿ ಬೆಂದು ಬರಿ ಚಿಪ್ಪಾದವು. ಎಡ ಎಂಬುದರಲ್ಲಿ ಅನುಮಾನವಿರಲಿಲ್ಲ. ಸಹಿ ಹಾಕುವ ಹಲಗೆಯನ್ನು ತೊಡೆ ಮೇಲಿಟ್ಟುಕೊಂಡರು. ಗೋಡೆಯ ತೇವದಲ್ಲಿ ಒಂದು ಗೊಣ್ಣೆಹುಳು ಅಂಟಿತ್ತು, ಚಿಪ್ಪಿಲ್ಲದ್ದು. ಅದನ್ನು ನೋಡುತ್ತಾ ಕೂತರು. ಸಹಿ ಹಾಕಲು ಅವರಿಗೂ ಮನಸ್ಸಿಲ್ಲ ಎಂದು ನನಗೆ ಅನ್ನಿಸಿತು.

“ಇದು ಯಾವ ಕುಲ, ದಾಸಯ್ಯನೋರೆ?” ಎಂದರು, ಸುಮ್ಮನೆ ಮಾತಿಗೆ.

“ಗೊಣ್ಣೆಹುಳ. ಚಿಪ್ಪಿಲ್ದೋರ ಕುಲ.”

“ಹಾಗೇ ಬಹಳ ಕಾಲ ಎಲ್ಲರೂ ಅಂದುಕೊಂಡಿದ್ದರು. ಚಿಪ್ಪಿಲ್ಲದವೆಲ್ಲ ಒಂದೇ ಮನೆತನ ಅಂತ. ಒಳಗೆ ಬಿಚ್ಚಿ ನೋಡಿದರೆ ಹಾಗಿಲ್ಲ. ಒಂದು ಮನೆತನದ ಬಸವನಹುಳು ಒಂದು ಕಾಲದಲ್ಲಿ ಚಿಪ್ಪು ಬಿಟ್ಟಿತು. ಇನ್ನೊಂದು ಮನೆತನ ಇನ್ನೆಲ್ಲೋ ಇನ್ನಾವಾಗಲೋ ಬಿಟ್ಟಿತು. ಸುಣ್ಣ ಸಿಗದ ಜಾಗದಲ್ಲಿ ಚಿಪ್ಪು ಕಟ್ಟೋದು ಕಷ್ಟ, ಬಿಟ್ಟವು ಬದುಕಿಕೊಂಡವು. ಕೊನೆಗೆ ಎಲ್ಲವೂ ನೋಡೋದಕ್ಕೆ ಒಂದೇ ಥರ ಆದವು. ಒಂದೇ ಥರ ಕಂಡ ಮಾತ್ರಕ್ಕೆ ದಾಯಾದಿಗಳಲ್ಲ.”

ಶಂಖ ಹಿಡಿದವರೆಲ್ಲ ದಾಸಯ್ಯಗಳಲ್ಲ, ಜೋಗಿಗಳೂ ಹಿಡಿಯುತ್ತಾರೆ. ದೂರದಿಂದ ನೋಡಿದವನಿಗೆ ಎರಡೂ ಒಂದೇ.

“ಹಂಗಾರೆ ಎಡಕ್ಕೆ ತಿರುಗ್ದೋವೆಲ್ಲ ಒಂದೇ ತಾಯಿ ಮಕ್ಕಳು ಅನ್ನಂಗಿಲ್ವಾ?” ಎಂದೆ.

ಅವರು ನನ್ನ ಕಡೆ ತಿರುಗಿದರು. “ಏನಂದ್ರಿ?”

“ನಮ್ ಹುಳದ ಕೊಂಬು ಅಗಲ. ದನದ ಕಿವಿ ಇದ್ದಂಗೆ. ಈ ಎಡದವು ಬದುಕಿದ್ದಾಗ ನೋಡಿವ್ನಿ. ಕೊಂಬು ನೂಲಿನಂಗೆ ಸಣ್ಣ.”

ಅವರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. “ಒಂದನೇ ತೊಟ್ಟಿಯಲ್ಲಿ ಎಡದ್ದು ಎಷ್ಟು?”

“ಒಂದೂ ಇಲ್ಲ.”

“ಎರಡು, ಮೂರು, ನಾಲ್ಕು?”

“ಇಲ್ಲ. ಐದು, ಆರರಲ್ಲಿ ಮಾತ್ರ.”

“ನೀರು ಕೆಟ್ಟಿದ್ದರೆ ಮೊದಲು ಒಂದರಲ್ಲಿ ಕಾಣಬೇಕಲ್ಲ ದಾಸಯ್ಯನೋರೆ. ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಆರೂ ತೊಟ್ಟೀದು ಸೇರ್ಸಿ ಬರಿ ಅಂತಿತ್ತು ಕಾಗ್ದದಲ್ಲಿ. ಬಲ ಎಷ್ಟು, ಎಡ ಎಷ್ಟು. ಕೊಂಬಿಗೆ ಜಾಗ ಇರ್ಲಿಲ್ಲ. ಯಾರೂ ಕೇಳ್ಲೂ ಇಲ್ಲ.”

ಅವರು ಹಲಗೆ ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಐದನೇ ತೊಟ್ಟಿಗೆ ಕೈ ಹಾಕಿದರು. ಬೇಳೆಯಷ್ಟು ಬೆಳೆದ ಒಂದನ್ನು ಹಿಡಿದು ಗಾಜಿನ ಬಟ್ಟಲಲ್ಲಿ ಬಿಟ್ಟರು. ಇಬ್ಬರೂ ಕಾದೆವು. ಅದು ಹೊರಗೆ ಬಂದು ಕೊಂಬು ಚಾಚಿತು. ನೂಲಿನಂಥ ಎರಡು ಕೊಂಬು.

“ಇದು ಫೈಸಾ,” ಎಂದರು. ಆ ಹೆಸರನ್ನು ಎಷ್ಟೋ ವರ್ಷದ ಮೇಲೆ ಬಾಯಲ್ಲಿ ಆಡಿದವರಂತೆ. “ನಮ್ಮದು ಲಿಮ್ನಿಯಾ, ಅದರ ಕುಲವೇ ಬೇರೆ. ಇದು ಎಡಕ್ಕೆ ತಿರುಗುವುದು ವಿಷದಿಂದಲ್ಲ. ಇದರ ಅಜ್ಜಿಯೂ ಎಡ, ಅಜ್ಜಿಯ ಅಜ್ಜಿಯೂ ಎಡ. ಎಷ್ಟೋ ಲಕ್ಷ ವರ್ಷದಿಂದ ಎಡ.” ಆಮೇಲೆ ಅವರ ಮುಖ ಮತ್ತೆ ಗಟ್ಟಿಯಾಯಿತು. “ಆದರೆ ಇದು ಇಲ್ಲಿಗೆ ಬಂದದ್ದು ಹೇಗೆ ಅಂತ ಬರೆಯಬೇಕು. ಗೊತ್ತಿಲ್ಲ ಅಂದರೆ, ಹೊರಗಿನ ನೀರು ಎಲ್ಲಿಂದಲೋ ಒಳಗೆ ನುಗ್ಗುತ್ತಿದೆ ಅಂತಲೇ ಅರ್ಥ. ಆಗ ಮೊಹರು ಹಾಕಲೇಬೇಕು.”

ಬೋರಲಿಂಗ ಬಾಗಿಲಲ್ಲಿ ನಿಂತಿದ್ದ. ಚೆಲುವಿ ನನಗೆ ಮಜ್ಜಿಗೆ ತಂದು ಅವನ ಹಿಂದೆ ನಿಂತಿದ್ದಳು.

“ನಾನೇ ಬುಟ್ಟೆ,” ಎಂದೆ.

ಹೂವು, ಬವನಾಸಿ, ಶಂಖ, ಎಲ್ಲ ಹೇಳಿದೆ. ಚೆಲುವಿ ಮಜ್ಜಿಗೆ ಲೋಟವನ್ನು ನನಗೆ ಕೊಡದೆ ಪಕ್ಕದ ಕಟ್ಟೆ ಮೇಲಿಟ್ಟಳು. ಒಂಟಿ ಹುಳ ಏನ್ ಮಾಡ್ತದೆ ಅಂದ್ಕಂಡೆ ಎಂದು ನಾನು ಹೇಳಿದಾಗ ಡಾಕ್ಟ್ರಮ್ಮ ತಲೆಯಾಡಿಸಿದರು.

“ಅದು ಗಂಡೂ ಹೌದು, ಹೆಣ್ಣೂ ಹೌದು. ಜೊತೆ ಸಿಗದಿದ್ದರೆ ತಾನೊಂದೇ ಸಂಸಾರ ಹೂಡುತ್ತದೆ.”

“ನಮ್ ದಾಸಯ್ಯ ಬಾಯೇ ಬಿಡಲ್ಲ ಅಂದ್ಕಂಡಿದ್ದೆ,” ಎಂದ ಬೋರಲಿಂಗ, ಮೆಲ್ಲಗೆ. “ಬುಟ್ರೆ ಇಂಗೆ.”

ಡಾಕ್ಟ್ರಮ್ಮ ನನ್ನ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ಹೇಳಿದರು, ಇದೂ ಸಾಲದು ಎಂದು. ಎಡದವೆಲ್ಲ ನೂಲುಕೊಂಬಿನವೇ ಎಂದು ತೋರಿಸಬೇಕು. ಅಗಲಕೊಂಬಿನ ಒಂದೇ ಒಂದು ಎಡ ಸಿಕ್ಕರೂ ಕೇಂದ್ರ ಆಜ್ಞೆ ಹಿಂತೆಗೆಯುವುದಿಲ್ಲ. ಅದಕ್ಕೆ ಆರುನೂರು ಹುಳುಗಳನ್ನು ಜೀವಂತ ನೋಡಬೇಕು. ಬರಿ ಚಿಪ್ಪಾಗಿದ್ದರೆ ಕ್ಯಾಮೆರಾ ಇಟ್ಟು ನೋಡಬಹುದಿತ್ತು. ಕೊಂಬು ಹುಳುವಿಗೆ ಮನಸ್ಸು ಬಂದಾಗ ಮಾತ್ರ ಕಾಣುತ್ತದೆ. ಸದ್ದಾದರೆ, ನೆರಳು ಬಿದ್ದರೆ ಒಳಗೆ ಸೇರಿಬಿಡುತ್ತದೆ.

“ನನ್ನೊಬ್ಬಳಿಂದ ಎರಡು ದಿನದಲ್ಲಿ ಆಗೋದಿಲ್ಲ,” ಎಂದರು.

“ಮುನ್ನೂರ್ ಮನೆ ಅವೆ,” ಎಂದಳು ಚೆಲುವಿ. “ಮನೆಗೆರಡು ಹುಳ.”

ಸೋಮವಾರ ಬೆಳಗಾದ ಮೇಲೆ ಬಿಳಿಗುಂಡಿಯಲ್ಲಿ ನಡೆದಂಥದ್ದನ್ನು ನಾನು ಮತ್ತೆ ಕಂಡಿಲ್ಲ. ಪ್ರತಿ ಮನೆಯ ಜಗಲಿ ಮೇಲೂ ಒಂದು ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಎರಡು ಬೆರಳು ನೀರು, ನೀರಿನಲ್ಲಿ ಎರಡು ಹುಳು, ಸುತ್ತ ಮನೆಮಂದಿ. ಯಾವ ತಟ್ಟೆಗೆ ಯಾವ ತೊಟ್ಟಿಯ ಹುಳು ಎಂದು ಸುಣ್ಣದಲ್ಲಿ ಗುರುತು. ಯಾರೂ ಮಾತಾಡುತ್ತಿರಲಿಲ್ಲ. ಅತ್ತೆ ಸೊಸೆ ಕೂಡ. ಬುಟ್ಟಿಯೊಳಗಿನ ಕೋಳಿ ಕೊರ್ ಎಂದರೆ ಇಡೀ ಸಾಲು ಅದನ್ನು ಬಿರುಗಣ್ಣಿಂದ ನೋಡುತ್ತಿತ್ತು. ನಾನು ಮೆಟ್ಟಿಲಿಂದ ಮೆಟ್ಟಿಲಿಗೆ ಹೋಗಿ, ಕೊಂಬು ಕಂಡವರು ಕೈಯೆತ್ತಿದಾಗ ಡಾಕ್ಟ್ರಮ್ಮನನ್ನು ಕರೆಯುತ್ತಿದ್ದೆ. ಅವರು ಬಗ್ಗಿ ನೋಡಿ, ಚಿಪ್ಪಿನ ಬಾಯಿ ಯಾವ ಕಡೆ ಎಂದು ಮನೆಯವರಿಂದಲೇ ಹೇಳಿಸಿ ಬರೆದುಕೊಳ್ಳುತ್ತಿದ್ದರು. ಬೀಸುಕಲ್ಲಿನ ಮುದುಕಿಯ ಹುಳು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅವಳು ಏಳಲೂ ಇಲ್ಲ. “ನಾನೂ ಗಂಡನ ಮನೆಗ್ ಬಂದಾಗ ಮೂರು ದಿನ ಕ್ವಾಣೆಯಿಂದ ಆಚೆ ಬಂದಿರ್ಲಿಲ್ಲ, ಬರ್ಲಿ ಬುಡಿ ನಿಧಾನಕ್ಕೆ,” ಎಂದು ಪಿಸುಗುಟ್ಟಿದಳು.

ಒಂದರಿಂದ ನಾಲ್ಕನೇ ತೊಟ್ಟಿಯವೆಲ್ಲ ಅಗಲಕೊಂಬು, ಬಲ. ಐದನೆಯದರಲ್ಲಿ ನೂಲುಕೊಂಬಿನವು ಹದಿನೇಳು, ಹದಿನೇಳೂ ಎಡ. ಆರರಲ್ಲಿ ಎಂಟು, ಎಂಟೂ ಎಡ. ಹೊತ್ತು ಇಳಿಯುವಷ್ಟರಲ್ಲಿ ಉಳಿದದ್ದು ನಮ್ಮದೇ ಮನೆಯ ತಟ್ಟೆ. ಆರನೇ ತೊಟ್ಟಿಯವು. ಚೆಲುವಿ ಹಿಂದಿನ ದಿನದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಬಿಡಿಸಿಟ್ಟ ಹೊಸ್ತಿಲ ಮೇಲೆ ಕೂತಿದ್ದಳು. ಒಂದು ಹುಳು ನೂಲುಕೊಂಬಿನದು. ಅದನ್ನು ಡಾಕ್ಟ್ರಮ್ಮನೇ ಹಿಡಿದು ನೋಡಿದರು, ಎಡ. ಅಲ್ಲಿಗೆ ಆರರಲ್ಲಿ ಒಂಬತ್ತು. ಇನ್ನೊಂದು ಕೊಂಬು ಚಾಚಿತು. ದನದ ಕಿವಿಯಂಥ ಅಗಲಕೊಂಬು.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

“ಎಡ,” ಎಂದಳು.

ಪಕ್ಕದ ಜಗಲಿಗಳವರೆಲ್ಲ ಎದ್ದು ನಿಂತರು. ಡಾಕ್ಟ್ರಮ್ಮ ಕಣ್ಣು ಮುಚ್ಚಿಕೊಂಡರು. ಬೋರಲಿಂಗ ಹೋಗಿ ಕಂಬ ಹಿಡಿದುಕೊಂಡ. ನಾನು ಅಲ್ಲೇ ಅವಳ ಪಕ್ಕ ಕೂತೆ. ಕೂತ ಮೇಲೆ ಅವಳ ಬೆರಳು ಕಂಡವು. ಹುಳುವಿನ ಚೂಪು ತುದಿ ಅವಳ ಎದೆಯ ಕಡೆ ಇತ್ತು.

“ಯಾವ ಕಡೆಯಿಂದ ಹಿಡಿದಿದ್ದೀಯ ಚೆಲುವಿ?”

“ನೀನ್ ಹಿಡಿಯೋ ಹಂಗೆ. ಶಂಖ ಹಿಡಿಯೋ ಹಂಗೆ.”

ನಾನು ಅವಳ ಬೆರಳಿಂದ ಅದನ್ನು ತೆಗೆದುಕೊಂಡು ತಲೆಕೆಳಗು ಮಾಡಿದೆ. ಚೂಪು ತುದಿ ಮೇಲೆ, ಬಾಯಿ ಕೆಳಗೆ. ಬಾಯಿ ನನ್ನ ಬಲಗೈ ಕಡೆ ತೆರೆದಿತ್ತು. ಡಾಕ್ಟ್ರಮ್ಮನ ಮುಂದೆ ಹಿಡಿದೆ. ಅವರು ನೋಡಿದರು, ಮತ್ತೆ ನೋಡಿದರು. ಆಮೇಲೆ ಕೆಳಗೆ ಕೂತು ನಗಲು ಶುರುಮಾಡಿದರು. ನಗುತ್ತಾ ಕಣ್ಣು ಒರೆಸಿಕೊಂಡರು. ಬೆಳಗಿನಿಂದ ಬಾಯಿ ಕಟ್ಟಿಕೊಂಡಿದ್ದ ಮುನ್ನೂರು ಮನೆಯವರು ಒಟ್ಟಿಗೇ ಮಾತಾಡತೊಡಗಿದರು. ತಟ್ಟೆಗಳ ಹುಳುಗಳೆಲ್ಲ ಒಳಗೆ ಸೇರಿಕೊಂಡವು.

“ಅಪ್ಪನ ಬುದ್ಧಿ ಮಗಳಿಗೆ,” ಎಂದ ಬೋರಲಿಂಗ. “ಆ ಕುಲವೇ ತಲೆಕೆಳಗು.”

ಚೆಲುವಿ ನನ್ನ ಭುಜಕ್ಕೆ ಹಣೆ ಒತ್ತಿದಳು. ಆಮೇಲೆ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೈಗೆ ಕೊಟ್ಟಳು.

ಮಂಗಳವಾರ ಪರದೆಯ ಮುಂದೆ ಡಾಕ್ಟ್ರಮ್ಮ ಒಂದೂವರೆ ಗಂಟೆ ವಾದ ಮಾಡಿದರು. ಆ ದನಿಗೆ ಕೊಂಬು ಎಂದರೆ ಏನೆಂದು ಗೊತ್ತಿರಲಿಲ್ಲ. ಕೊನೆಗೆ ಅದರ ಹಿಂದೆ ಎಲ್ಲೋ ಕೂತಿದ್ದ ಒಬ್ಬ ಮನುಷ್ಯ ಸಿಕ್ಕಿದ. ಆರುನೂರರಲ್ಲಿ ಐನೂರ ಎಪ್ಪತ್ನಾಲ್ಕು ನಮ್ಮವು, ಎಲ್ಲ ಬಲ. ಇಪ್ಪತ್ತಾರು ಪರಕುಲದವು. ಆಜ್ಞೆ ರದ್ದಾಯಿತು. ಇನ್ನು ಮೇಲೆ ಲೆಕ್ಕದ ಕಾಗದದಲ್ಲಿ ತೊಟ್ಟಿಗೊಂದು ಸಾಲು, ಕೊಂಬಿಗೊಂದು ಮನೆ ಇರಬೇಕೆಂದೂ ಆಯಿತು. ತೊಟ್ಟಿಗೆ ಹೊರಗಿನದನ್ನು ಬಿಟ್ಟವನು ಮತ್ತೆ ತೊಟ್ಟಿ ಮುಟ್ಟುವಂತಿಲ್ಲ ಎಂಬ ಕಾಯಿದೆ ಮೊದಲೇ ಇತ್ತು. ಅದನ್ನು ಹೇಳುವಾಗ ಡಾಕ್ಟ್ರಮ್ಮ ನನ್ನ ಮುಖ ನೋಡಲಿಲ್ಲ. ನ್ಯಾಯವಾದದ್ದೇ ಎಂದು ನಾನೇ ಹೇಳಿದೆ. ಬೀಗದ ಕೈಯನ್ನು ಚೆಲುವಿಗೆ ಕೊಡಿಸಿದರು. ಚಿಪ್ಪನ್ನು ಯಾವ ಕಡೆ ಹಿಡಿಯಬೇಕೆಂದು ಮೂರು ಸಲ ಹೇಳಿಕೊಟ್ಟರು.

ಅವತ್ತು ಸಂಜೆಯವರೆಗೂ ನಾನು ಕಟ್ಟೆಯ ಮೇಲೆ ಕೂತು, ತೊಟ್ಟಿ ಮುಟ್ಟದೆ, ಎಲ್ಲಿದೆ ಎಂದು ಬೆರಳು ತೋರಿಸಿದೆ. ಚೆಲುವಿ ಒಂದೊಂದಾಗಿ ಹಿಡಿದಳು. ನೂರ ನಲವತ್ತು ಸಿಕ್ಕವು. ಐದನೇ ತೊಟ್ಟಿಯ ಮೂಲೆಯ ಪಾಚಿಯಲ್ಲಿ ಒಂದು ಖಾಲಿ ಚಿಪ್ಪು ಬಿದ್ದಿತ್ತು, ಎಲ್ಲದಕ್ಕಿಂತ ದೊಡ್ಡದು. ಅದನ್ನು ಲೆಕ್ಕಕ್ಕೆ ಸೇರಿಸಬೇಕಿಲ್ಲ ಎಂದು ಡಾಕ್ಟ್ರಮ್ಮ ನನ್ನ ಅಂಗೈ ಮೇಲಿಟ್ಟರು. ಅಪ್ಪನ ಶಂಖದ ಪಕ್ಕ ಈಗ ಅದು ಇದೆ. ಬಾಲ ಮೇಲೆ ಮಾಡಿ ಇಟ್ಟಿದ್ದೇನೆ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹನ್ನೆರಡು ಲಾರಿ ಬಂದು ಗುಂಡಿಯ ಅಂಚಿನಲ್ಲಿ ನಿಂತವು. ಆಜ್ಞೆ ರದ್ದಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೋರಲಿಂಗ ಅಷ್ಟೂ ಡ್ರೈವರುಗಳಿಗೆ ಕಾಫಿ ಕೊಡಿಸಿ, ಒಂದು ಲಾರಿಯ ಮುಂದಿನ ಸೀಟು ಒರೆಸಿಸಿದ. ಡಾಕ್ಟ್ರಮ್ಮನನ್ನು ಕಳಿಸುವಾಗ ಶಂಖ ಊದು ಎಂದ ನನಗೆ. ಹೋಗೋರ ಹಿಂದೆ ಊದಬಾರದು, ಅದು ಹೆಣಕ್ಕೆ ಎಂದೆ. ಕೆಳಗೆ ಚೆಲುವಿ ಹೊಸ್ತಿಲ ಮಣ್ಣು ತುಳಿಯುತ್ತಿದ್ದ ಸದ್ದು ಮೇಲಿನವರೆಗೂ ಕೇಳಿಸುತ್ತಿತ್ತು. ಬಿಳಿಗುಂಡಿ ಖಾಲಿಯಾಗಬೇಕಿದ್ದ ಆ ಬುಧವಾರ ಊರು ಬಿಟ್ಟವರು ಡಾಕ್ಟ್ರಮ್ಮ ಒಬ್ಬರೇ, ತೊಡೆಯ ಮೇಲಿನ ಡಬ್ಬಿಯಲ್ಲಿ ನೂರ ನಲವತ್ತು ಬಲಮುರಿ.